ಒಂದು ಗಂಟೆಯ ಬಸ್ಸಿಗೆ ಹೋದವಳು

ದೆವ್ವ, ಗಾಳಿ, ಮಾಟ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ನಾನು ಕಲಿತದ್ದು ಮಾಸೂರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಮಾತ್ರ, ಆದರೆ ಮದುವೆಯಾದದ್ದು ಡಾಕ್ಟರರನ್ನು. ಮೈಮೇಲೆ ದೇವರು ಬಂದಿದೆ ಎಂದು ತಲೆ ಕೆದರಿಕೊಂಡು ಬಂದವರು ನಮ್ಮ ದವಾಖಾನೆಯ ಬೆಂಚಿನ ಮೇಲೆ ಕುಳಿತು, ಒಂದು ತಂಬಿಗೆ ಮಜ್ಜಿಗೆ ಕುಡಿದು, ಸುಮ್ಮನೆ ಎದ್ದು ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಈಗ ನನ್ನದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಪೂರಾ ಓದಿ, ಆಮೇಲೆ ನಗಿರಿ, ಅಷ್ಟೇ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬೇರೆ ಮಾತು ಬರೆಯುವುದು ನನ್ನಿಂದ ಆಗುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮಗನ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ. ಕಿವಿ ಅಜ್ಜನವು, ಹಟ ನನ್ನದು. ಶಿಗ್ಗಾವಿಯಲ್ಲಿ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದ್ದು ಸಾಲದೆ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಕೈಯಲ್ಲೂ ಪೇಢೆ ಇಟ್ಟು ಬಂದೆ. "ಅವ್ವಾ, ಅವರೆಲ್ಲ ಯಾರು?" ಎಂದು ಮಗ ಕೇಳಿದ. "ಯಾರರ ಇರಲಿ, ಬಾಯಿ ಐತೆಲ್ಲ ಅವರಿಗೆ," ಎಂದೆ. ಇಷ್ಟು ವಯಸ್ಸಾದ ಮೇಲೆ ರಾತ್ರಿ ನಿದ್ದೆಯಲ್ಲಿ ನಗುತ್ತೇನಂತೆ, ನಮ್ಮ ಮನೆಯವರು ಹೇಳುತ್ತಾರೆ.

ಆದರೆ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಒಂದು ಮಾತು ನಡೆಯಿತು. ಅದೇ ನನ್ನನ್ನು ಈ ಕಾಗದದ ಮುಂದೆ ತಂದು ಕೂರಿಸಿದೆ.

ಆ ದಿನ ಯಲವಿಗಿಯಿಂದ ನೀಲವ್ವ ಎಂಬ ಹೆಣ್ಣುಮಗಳು ಬಂದಿದ್ದಳು. ತಾನೇ ಹೊಲಿದ ಕುಂಚಿಗೆ ತಂದಿದ್ದಳು. ಅದನ್ನು ಕೂಸಿನ ತಲೆಗೆ ಹಾಕಿ, ಎದ್ದು ನಿಂತು, ಕೂಡಿದ ಹೆಂಗಸರ ಮುಂದೆ ಜೋರಾಗಿ ಹೇಳಿದಳು: "ನಾ ಎರಡ ವರ್ಷದ ಕೂಸಿದ್ದಾಗ ಈ ಅಜ್ಜಿ ಉರಿಬಿಸಿಲಾಗ, ಕಾಲಾಗ ಚಪ್ಪಲಿ ಸೈತ ಇಲ್ಲದ ನಮ್ಮ ಮನಿಗೆ ಓಡಿ ಬಂದಿದ್ಲು. ಆಕಿ ಬರದಿದ್ರ ನಾ ಇವತ್ತ ಇಲ್ಲಿ ನಿಂತು ಮಾತಾಡ್ತಿದ್ದಿಲ್ಲ. ಇಂಥ ಅಜ್ಜಿ ಪಡಕೊಂಡು ಬಂದಾಳ ನೋಡ್ರಿ ಈ ಕೂಸು!" ಎಲ್ಲರೂ ನನ್ನ ಕಡೆ ನೋಡಿದರು. ಸೊಸೆ ಕಣ್ಣೊರೆಸಿಕೊಂಡಳು. ಹೊರಗೆ ಕುರ್ಚಿಯಲ್ಲಿ ಕುಳಿತಿದ್ದ ನಮ್ಮ ಮನೆಯವರ ಮುಖದಲ್ಲಿ ಹೆಮ್ಮೆ. ನಾನು ಮಾತ್ರ ಯಾರ ಮುಖವನ್ನೂ ನೋಡದೆ, ಬಗ್ಗಿ ಕೂಸಿನ ಕುಂಚಿಗೆಯ ದಾರ ಕಟ್ಟತೊಡಗಿದೆ.

ಯಾಕೆಂದರೆ ನೀಲವ್ವ ಹೇಳಿದ್ದು ಖರೆಯಲ್ಲ. ಅವಳಿಗೆ ಅದು ಗೊತ್ತಿಲ್ಲ. ನನಗೆ ಗೊತ್ತು.

ಎಪ್ಪತ್ತರ ದಶಕದ ಮಾತು. ಆಗ ನಾವು ಸವಣೂರಿನಲ್ಲಿದ್ದೆವು. ಮನೆಯ ಮುಂದಿನ ಎರಡು ಕೋಣೆ ದವಾಖಾನೆ, ಹಿಂದೆ ಸಂಸಾರ. ಈಗಿನಂತೆ ಪೊಟ್ಟಣದಲ್ಲಿ ಗುಳಿಗೆ ಬರೆದುಕೊಡುವ ಕಾಲ ಅಲ್ಲ ಅದು. ಜನ ಮನೆಯಿಂದ ಖಾಲಿ ಬಾಟಲಿ ತರುತ್ತಿದ್ದರು. ದೊಡ್ಡ ಭರಣಿಗಳಲ್ಲಿ ಡಾಕ್ಟರು ಕಲಸಿಟ್ಟ ಔಷಧವನ್ನು ಕಂಪೌಂಡರ್ ಅದರಲ್ಲಿ ತುಂಬಿಕೊಡುತ್ತಿದ್ದ. ಬಾಟಲಿಯ ಹೊಟ್ಟೆಗೆ ಒಂದು ಉದ್ದ ಕಾಗದದ ಪಟ್ಟಿ ಅಂಟಿಸುವುದು. ಅದರ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿರುತ್ತಿತ್ತು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. ಓದು ಬಾರದವರಿಗೂ ಲೆಕ್ಕ ತಿಳಿಯುತ್ತಿತ್ತು. ಕುಡಿಯುವ ಔಷಧಕ್ಕೆ ಪಟ್ಟಿ, ಮೈಗೆ ಹಚ್ಚುವ ಎಣ್ಣೆಗೆ ಪಟ್ಟಿ ಇಲ್ಲ. ಇದು ನಮ್ಮಲ್ಲಿ ಕಾಯ್ದೆ ಇದ್ದಂತೆ. ಪಟ್ಟಿ ಕತ್ತರಿಸುವುದು, ಗೋಧಿ ಹಿಟ್ಟಿನ ಅಂಟು ಕುದಿಸುವುದು ನನ್ನ ಪಾಲಿನ ಕೆಲಸ. ಆ ಕೆಲಸ ನನಗೆ ಬಹಳ ಸೇರುತ್ತಿತ್ತು, ಡಾಕ್ಟರಕಿಯಲ್ಲಿ ನನ್ನದೂ ಒಂದು ಕೈ ಇದೆ ಎನ್ನುವ ಹಮ್ಮು.

ಒಂದು ದಿನ ಮುಂಜಾನೆ ಮಾವನವರಿಗೆ ಮೈಯಲ್ಲಿ ಆರಾಮಿಲ್ಲವೆಂದು ಹಿರೇಕೆರೂರಿನಿಂದ ಜನ ಬಂದರು. ನಮ್ಮ ಮನೆಯವರು ಬೆಂಚಿನ ಮೇಲಿದ್ದವರನ್ನೆಲ್ಲ ಲಗುಲಗು ನೋಡಿ, ಚೀಟಿ ಬರೆದಿಟ್ಟು, ಹೊರಟರು. ಕಂಪೌಂಡರ್ ತಂಗಿಯ ಮದುವೆಗೆ ಬಂಕಾಪುರಕ್ಕೆ ಹೋಗಿದ್ದ. "ಚೀಟಿ ನೋಡಿ ಔಷಧ ನೀನ ಕೊಡು. ಅವಸರ ಮಾಡಬ್ಯಾಡ," ಎಂದು ಹೇಳಿ ಹೋದರು. ನಾನು ಅವಸರ ಮಾಡಿದೆ.

ಯಲವಿಗಿಯ ಗಿರಿಜವ್ವ ತನ್ನ ಮಗಳ ಕೆಮ್ಮಿಗೆ ಬಂದಿದ್ದಳು; ಆ ಮಗಳೇ ನೀಲವ್ವ. ಇನ್ನೊಬ್ಬ ನಮ್ಮೂರಿನ ಎಲೆ ಮಾರುವ ಅಜ್ಜ, ಮೊಣಕಾಲು ನೋವಿನವನು. ಇಬ್ಬರು ತಂದದ್ದೂ ಒಂದೇ ಥರದ ಶರಬತ್ತಿನ ಬಾಟಲಿ. ಕೆಮ್ಮಿನ ಔಷಧ, ಹಚ್ಚುವ ಎಣ್ಣೆ ಎರಡೂ ಕಂದು ಬಣ್ಣ. ಎರಡನ್ನೂ ತುಂಬಿ, ಬೂಚು ಹಾಕಿ, ಮೇಜಿನ ಮೇಲೆ ಇಟ್ಟೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಓಡಿ ಹೋಗಿ ಇಳಿಸಿ ಬಂದು, ಒಂದು ಬಾಟಲಿಗೆ ಪಟ್ಟಿ ಅಂಟಿಸಿದೆ. ಪಟ್ಟಿ ಇದ್ದದ್ದನ್ನು ಗಿರಿಜವ್ವನ ಕೈಗೆ ಕೊಟ್ಟು, "ಊಟ ಆದ ಮ್ಯಾಲ ಒಂದ ಕಚ್ಚು ಕುಡಸು," ಎಂದು ಹೇಳಿ ಕಳಿಸಿದೆ. ಹನ್ನೊಂದೂವರೆಯ ಬಸ್ಸಿಗೆ ಅವಳು ಹೋದಳು. ಪಟ್ಟಿ ಇಲ್ಲದ್ದನ್ನು ಅಜ್ಜ ತೆಗೆದುಕೊಂಡು ಹೋದ.

ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ ಎಲೆ ಮಾರುವ ಅಜ್ಜ ತಿರುಗಿ ಬಂದ. ಧೋತರ ಮೊಣಕಾಲ ಮೇಲೆ ಎತ್ತಿ ಹಿಡಿದುಕೊಂಡಿದ್ದ. "ಅಕ್ಕಾರ, ಇದೆಂಥಾ ಎಣ್ಣಿ ಕೊಟ್ರಿ? ಹಚಿಗೊಂಡು ಕಟ್ಟಿ ಮ್ಯಾಲ ಅಡ್ಡ ಆಗಿದ್ದೆ, ಓಣ್ಯಾಗಿನ ಇರುವಿ ಎಲ್ಲಾ ನನ್ನ ಮಣಕಾಲಿಗೆ ಜಾತ್ರಿ ಬಂದಾವ ನೋಡ್ರಿ!" ಎಂದ. ಔಷಧಕ್ಕಾಗಿ ಬೆಂಚಿನ ಮೇಲೆ ಕಾದಿದ್ದ ಇಬ್ಬರು ನಕ್ಕರು. ನಾನೂ ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಅವನ ಮೊಣಕಾಲಿಗೆ ಹತ್ತಿದ್ದು ಸಿಹಿ. ಕೆಮ್ಮಿನ ಔಷಧ. ಹಾಗಾದರೆ ಆ ಕೂಸಿನ ಬಾಟಲಿಯಲ್ಲಿ ಇದ್ದದ್ದು?

ಆ ಎಣ್ಣೆ ಸಣ್ಣ ಮಕ್ಕಳ ಹೊಟ್ಟೆಗೆ ಒಂದು ಗುಟುಕು ಹೋದರೂ ಜೀವ ಉಳಿಯುವುದು ಕಷ್ಟವೆಂದು ನಮ್ಮ ಮನೆಯವರು ಎಷ್ಟು ಸಲ ಹೇಳಿದ್ದರೋ. ವಾಸನೆಯಿಂದ ತಾಯಿಗೆ ತಿಳಿದೀತು ಎನ್ನುವಂತೆಯೂ ಇಲ್ಲ. ಮೂಗಿಗೆ ಹೊಡೆದಷ್ಟೂ ಔಷಧ ಗಟ್ಟಿ ಎಂದು ನಂಬುವ ಜನ ನಮ್ಮವರು. ಮೇಲಾಗಿ ಪಟ್ಟಿ ಇತ್ತು. ನಾನೇ ಅಂಟಿಸಿದ್ದೆ.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಆದರೆ ಅದನ್ನು ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಒಂದು ಗಂಟೆಗೆ ಯಲವಿಗಿಗೆ ಬಸ್ಸು ಇತ್ತು. ನಮ್ಮ ಮನೆಯಿಂದ ಸ್ಟ್ಯಾಂಡಿಗೆ ನೂರು ಹೆಜ್ಜೆ. ಅಜ್ಜನಿಗೆ ಬೇರೆ ಎಣ್ಣೆ ಕೊಟ್ಟು ಕಳಿಸಿ, ಬೆಂಚಿನವರನ್ನು ಸಂಜೆ ಬರಲು ಹೇಳಿ, ನಾನು ಒಳಗೆ ಹೋಗಿ ಕುಳಿತುಬಿಟ್ಟೆ. ಹೋಗಿ ಏನೆಂದು ಹೇಳಲಿ? ಡಾಕ್ಟರ ಹೆಂಡತಿ ಕೂಸಿಗೆ ವಿಷ ಕೊಟ್ಟಳು ಎಂದು ಊರೆಲ್ಲ ಆದೀತು. ಹಿರೇಕೆರೂರಿನ ಕಡೆಯ ಒಕ್ಕಲುತನದ ಮನೆಯಿಂದ ಬಂದು, ಕಷ್ಟಪಟ್ಟು ಓದಿ, ನಾಲ್ಕು ವರ್ಷದಿಂದ ಒಂದು ಹೆಸರು ಮಾಡಿಕೊಂಡಿದ್ದರು ನಮ್ಮ ಮನೆಯವರು. ಬಹುಶಃ ಕೂಸು ಉಗುಳಿರಬಹುದು, ಬಹುಶಃ ಗಿರಿಜವ್ವ ಕುಡಿಸಲು ಮರೆತಿರಬಹುದು, ಬಹುಶಃ ನಾನೇ ತಪ್ಪು ತಿಳಿದಿರಬಹುದು. ಹೀಗೆ ಒಂದರ ಮೇಲೊಂದು ಬಹುಶಃ ಪೇರಿಸುತ್ತಾ ಕುಳಿತೆ.

ಅಷ್ಟರಲ್ಲಿ ಪಕ್ಕದ ಮನೆಯ ಫಾತಿಮಾಬಿ ಬಂದರು. ನನ್ನ ತಾಯಿಯ ವಯಸ್ಸಿನವರು, ನನ್ನನ್ನು ಬೇಟಿ ಎನ್ನುತ್ತಿದ್ದರು. ಮರುದಿನ ಅವರ ಮನೆಯಲ್ಲಿ ಶಾವಿಗೆ ಹೊಸೆಯುವುದಿತ್ತು, ನನ್ನ ಮಣೆ ಬೇಕಾಗಿತ್ತು. ಕುಳಿತರು. ನಾನು ಅವರೊಂದಿಗೆ ಶಾವಿಗೆಯ ಮಾತು ಆಡಿದೆ. ರವೆ ಎಷ್ಟು ಹೊತ್ತು ನೆನೆಯಬೇಕು, ಯಾವ ಬಿಸಿಲು ಒಳ್ಳೆಯದು, ಎಲ್ಲ. ಬಸ್ಸು ಹಾರ್ನ್ ಹಾಕಿದ್ದು ಕೇಳಿಸಿತು. ಮೂರು ಸಲ ಹಾಕಿತು. ಹೋದದ್ದೂ ಕೇಳಿಸಿತು. ನಾನು ಕುಳಿತೇ ಇದ್ದೆ.

ಎರಡು ಗಂಟೆಯ ಸುಮಾರಿಗೆ ಅವರೇ ಕೇಳಿದರು, "ಯಾಕ ಬೇಟಿ, ಮಾರಿ ಸುಣ್ಣ ಬಳದಂಗ ಆಗೈತಿ? ಜ್ವರ ಬಂದಾವೇನ?" ಅಷ್ಟಕ್ಕೇ ನನ್ನ ದುಃಖ ಒಡೆದು ಎಲ್ಲ ಹೇಳಿಬಿಟ್ಟೆ. ಫಾತಿಮಾಬಿ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ತೌಬಾ! ಅಲ್ಲಿ ಕೂಸಿನ ಜೀವ ಹೊಂಟೈತಿ, ಇಲ್ಲಿ ನೀ ನನ್ನ ಕೂಡ ಶಾವಿಗಿ ಪುರಾಣ ಹಚ್ಚೀಯಲ್ಲ! ಗಂಡನ ಹೆಸರು ಕೂಸಿಗಿಂತ ದೊಡ್ಡದೇನ? ಏಳ, ಎರಡೂವರಿ ಗಾಡಿ ಐತಿ. ಮನಿ ನಾ ನೋಡ್ಕೋತೇನಿ."

ಆಗಲೂ ನಾನು ಹಾಗೇ ಓಡಲಿಲ್ಲ. ಒಳಗೆ ಹೋಗಿ ಮನೆಯ ಸೀರೆ ಬಿಚ್ಚಿ ಒಳ್ಳೆಯ ಸೀರೆ ಉಟ್ಟೆ. ತಲೆ ಬಾಚಿದೆ. ಚಪ್ಪಲಿ ಮೆಟ್ಟಿದೆ. ಇದನ್ನು ನೆನಪಿಡಿ.

ಬಸ್ಸು ಹತ್ತಿದಾಗ ಕಂಡಕ್ಟರ್ ನನ್ನನ್ನು ಮೇಲೆ ಕೆಳಗೆ ನೋಡಿದ. ಒಂದೇ ಬಸ್ಸು ದಿನವೆಲ್ಲ ಅಡ್ಡಾಡುತ್ತಿತ್ತು, ಅವನಿಗೆ ನಮ್ಮ ಮನೆಯವರ ಪರಿಚಯ ಚೆನ್ನಾಗಿತ್ತು. "ಏನ್ರೀ ಅಕ್ಕಾರ, ಒಂದರ ಗಾಡಿಗೆ ನಿಮ್ಮನ್ನ ಯಲವಿಗ್ಯಾಗ ಇಳಿಸಿ ಬಂದೇನಿ, ತಿರುಗಿ ಬರೂಮುಂದ ನೀವು ಗಾಡ್ಯಾಗ ಇದ್ದಿದ್ದಿಲ್ಲ. ಹಾರಿ ಬಂದ್ರೇನು?" ಎಂದ. ಮುಂದೆ ಕುಳಿತ ಗಂಡಸರು ನಕ್ಕರು. "ಯಾರನ್ನೋ ನೋಡೀರಿ ನೀವು," ಎಂದೆ. "ಡಾಕ್ಟರ ಮನಿ ಅಕ್ಕಾರನ್ನ ನಾ ಗುರ್ತ ಹಿಡಿಯೂದಿಲ್ಲೇನು? ಭಾಳ ಗಾಬರಿ ಆಗಿದ್ರಿ, ಮಾತ ಆಡ್ಲಿಲ್ಲ," ಎಂದು ಟಿಕೆಟ್ ಹರಿದು ಕೊಟ್ಟ. ನನ್ನ ತಲೆಯಲ್ಲಿ ಆಗ ಕೂಸು ಬಿಟ್ಟು ಬೇರೇನೂ ಇರಲಿಲ್ಲ. ಅವನ ಮಾತು ಆ ಕಿವಿಯಿಂದ ಬಂದು ಈ ಕಿವಿಯಿಂದ ಹೋಯಿತು. ದಾರಿಯುದ್ದಕ್ಕೂ ಅಳುವ ದನಿ ಎಲ್ಲಿಂದಾದರೂ ಕೇಳುತ್ತದೆಯೋ ಎಂದು ಕಿಟಕಿಯಿಂದ ಹೊರಗೆ ಕಿವಿ ಇಟ್ಟಿದ್ದೆ.

ಯಲವಿಗಿಯಲ್ಲಿ ಇಳಿದು ಗಿರಿಜವ್ವನ ಮನೆ ಕೇಳಿಕೊಂಡು ಹೋದೆ. ಆ ಮನೆಯನ್ನು ನಾನು ಹಿಂದೆ ನೋಡಿರಲಿಲ್ಲ. ಮನೆಯ ಮುಂದೆ ಜನ ಕೂಡಿರಲಿಲ್ಲ. ಕಟ್ಟೆಯ ಮೇಲೆ ಗಿರಿಜವ್ವನ ಅತ್ತೆ ಕುಳಿತು ಕಾಳು ಹಸನು ಮಾಡುತ್ತಿದ್ದರು. ತಲೆ ಎತ್ತಿ ನೋಡಿ ಅವರು ಅಂದ ಮೊದಲ ಮಾತು ಇದು: "ಯಾಕ್ರೀ ಅಕ್ಕಾರ, ಏನರ ಮರತು ಹೋಗಿದ್ರ್ಯಾ?"

ನಾನು "ಕೂಸು, ಕೂಸು," ಎಂದೆ. "ಕೂಸು ಒಳಗ ಮಲಗೈತಿ. ನೀವು ಹೇಳಿ ಹೋದ ಮ್ಯಾಲ ಆ ಬಾಟ್ಲಿ ಮುಟ್ಟಿಲ್ಲ ಬಿಡ್ರಿ," ಎಂದರು.

ಒಳಗೆ ಗಿರಿಜವ್ವನ ಪಕ್ಕದಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಉಸಿರು ಸರಿಯಾಗಿತ್ತು. ಗೋಡೆಯ ಗೂಡಿನಲ್ಲಿ ಬಾಟಲಿ ಇತ್ತು, ತುಂಬಿದ್ದು ತುಂಬಿದ ಹಾಗೇ. ಆದರೆ ಪಟ್ಟಿ ಇರಲಿಲ್ಲ. ಕೆರೆದು ತೆಗೆದ ಗುರುತು, ಗಾಜಿನ ಮೇಲೆ ಅಂಟಿನ ಒಂದಿಷ್ಟು ಬಿಳಿ ಇತ್ತು, ಅಷ್ಟೇ. "ಇದರ ಪಟ್ಟಿ ಯಾರು ತಗದ್ರು?" ಎಂದು ಕೇಳಿದೆ. ಗಿರಿಜವ್ವ ನನ್ನ ಮುಖವನ್ನೇ ನೋಡಿದಳು. "ನೀವ ಅಲ್ಲೇನ್ರಿ? ಉಗರಲೆ ಕೆರದು ತಗದು, ಸೆರಗಿನ ಚುಂಗಿಗೆ ಕಟಿಗೊಂಡ್ರೆಲಾ!"

ಅವರು ಹೇಳಿದ್ದನ್ನೆಲ್ಲ ಕೂಡಿಸಿ ಬರೆಯುತ್ತೇನೆ. ಒಂದು ಗಂಟೆಯ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಕೂಸಿಗೆ ಉಣ್ಣಿಸುವುದು ಮುಗಿದಿತ್ತು. ಒಂದು ಕಚ್ಚು ಔಷಧವನ್ನು ಬಟ್ಟಲಿಗೆ ಬಗ್ಗಿಸಲು ಗಿರಿಜವ್ವ ಬೂಚು ತೆಗೆದಿದ್ದಳು. ಬಾಗಿಲಿನಿಂದ "ಬ್ಯಾಡ! ಕುಡಸಬ್ಯಾಡ!" ಎಂದು ನಾನು ಕೂಗಿದೆನಂತೆ. ಒಳಗೆ ಬಂದು ಬಾಟಲಿ ಕಸಿದುಕೊಂಡು, ಇದು ಹಚ್ಚುವ ಎಣ್ಣೆ, ತಪ್ಪು ನನ್ನದು ಎಂದು ಹೇಳಿ, ಪಟ್ಟಿ ಕೆರೆದು, ಕೂಸಿನ ತಲೆಯ ಮೇಲೆ ಕೈಯಿಟ್ಟು ಅತ್ತೆನಂತೆ. ನೀರು ಕೊಟ್ಟರೆ ಕುಡಿಯಲಿಲ್ಲ, ಕೂತುಕೊಳ್ಳಿರಿ ಎಂದರೆ ಕೂರಲಿಲ್ಲ. ಹಿಂದಿರುಗಿ ನೋಡದೆ ಹೋದೆನಂತೆ. "ಆಗ ನೀಲಿ ಚೌಕಡಿ ಸೀರಿ ಉಟ್ಟಿದ್ರಿ," ಎಂದಳು ಗಿರಿಜವ್ವ. "ಕಾಲಾಗ ಚಪ್ಪಲಿ ಇದ್ದಿದ್ದಿಲ್ಲ. ಕೂದಲಾ ಬಿಚ್ಚಿದ್ದು. ನನಗ ನಿಮ್ಮನ್ನ ನೋಡಿ ಹೆದರಿಕಿ ಬಂತು ನೋಡ್ರಿ."

ನೀಲಿ ಚೌಕಡಿಯದು ನಾನು ಮನೆಯಲ್ಲಿ ಬಿಚ್ಚಿಟ್ಟು ಬಂದ ಸೀರೆ.

ಆ ಹೊತ್ತಿಗೇ "ಅದು ನಾನಲ್ಲ" ಎಂದು ಹೇಳಬೇಕಾಗಿತ್ತು. ನಾಲಿಗೆಯ ತುದಿಯವರೆಗೂ ಬಂತು. ಆದರೆ ಗಿರಿಜವ್ವನ ಅತ್ತೆ ಅಷ್ಟರಲ್ಲಿ ಮಣೆ ಹಾಕಿಯಾಗಿತ್ತು. "ಆಗ ನಿಂತ ಕಾಲ ಮ್ಯಾಲ ಹೋದ್ರಿ, ಈಗ ಬಿಡೂದಿಲ್ಲ. ನಮ್ಮ ಮನಿ ಬೆಳಕ ಉಳಿಸೀರಿ," ಎಂದು ಕುಂಕುಮ ಹಚ್ಚಿ, ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿ ನನ್ನ ಉಡಿ ತುಂಬಿದರು. ನಾನು ಸೆರಗು ಒಡ್ಡಿದೆ. ಯಾರಿಗೋ ಸಲ್ಲಬೇಕಾದ ಉಡಿಯನ್ನು ಕಟ್ಟಿಕೊಂಡು, ಸಂಜೆಯ ಬಸ್ಸಿಗೆ ಸವಣೂರಿಗೆ ಬಂದೆ.

ಮನೆಗೆ ಬಂದು ಮೊದಲು ಫಾತಿಮಾಬಿಯನ್ನು ಕೇಳಿದೆ, "ಮಧ್ಯಾಹ್ನ ಒಂದರಿಂದ ಎರಡರ ತನಕ ನಾ ಎಲ್ಲಿದ್ದೆ?" ಅವರು ನನಗೆ ಬಿಸಿಲು ತಲೆಗೇರಿದೆ ಎಂದುಕೊಂಡರು. "ಎಲ್ಲಿದ್ದಿ? ನನ್ನ ಎದುರಿಗೆ ಕುಂತು ನನ್ನ ತಲಿ ತಿನ್ನಾಕತ್ತಿದ್ದಿ. ಕೂಸು ಹ್ಯಾಂಗೈತಿ ಅದನ್ನ ಹೇಳ ಮೊದಲ!" ನೀಲಿ ಸೀರೆ ನಾನು ಬಿಟ್ಟ ಹಾಗೆಯೇ ಗೂಟದ ಮೇಲಿತ್ತು. ಅದರ ಸೆರಗಿನ ಚುಂಗನ್ನು ದೀಪದ ಹತ್ತಿರ ಹಿಡಿದು ಬಿಡಿಸಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಮೂರು ದಿನದ ಮೇಲೆ ನಮ್ಮ ಮನೆಯವರು ಬಂದರು. ಬಸ್ ಸ್ಟ್ಯಾಂಡಿನಲ್ಲೇ ಅವರಿಗೆ ಸುದ್ದಿ ಮುಟ್ಟಿತ್ತು. ಬೈಯುತ್ತಾರೆ ಎಂದು ಗೋಡೆಗೆ ಒರಗಿ ನಿಂತಿದ್ದೆ. ಅವರು ಬೈಯಲಿಲ್ಲ. "ತಪ್ಪು ಎಲ್ಲಾರೂ ಮಾಡ್ತಾರ. ತಿಳಿದ ಕೂಡಲೆ ಎದ್ದು ಹೋದೆಲ್ಲ, ಅದು ದೊಡ್ಡದು," ಎಂದರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಆ ದಿನದಿಂದ ಆ ಕಡೆಯ ಹಳ್ಳಿಗಳ ಜನ ನಮ್ಮಲ್ಲಿಗೇ ಬರತೊಡಗಿದರು. ಬರಿಗಾಲಲ್ಲಿ ಓಡಿ ಬಂದ ಅಕ್ಕಾರ ದವಾಖಾನೆ ಎನ್ನುತ್ತಿದ್ದರು. ಮುಂದೆ ಶಿಗ್ಗಾವಿಗೆ ಬಂದೆವು, ಮಕ್ಕಳು ದೊಡ್ಡವರಾದರು, ಅವರ ಓದು, ಮದುವೆ ಎಲ್ಲ ಆಯಿತು. ಕೈ ನಡುಗಲು ಶುರುವಾದ ಮೇಲೆ ನಮ್ಮ ಮನೆಯವರು ದವಾಖಾನೆ ಮುಚ್ಚಿದರು. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ. ಮತ್ತೊಂದು ಬಾಟಲಿಗೆ ಪಟ್ಟಿಯನ್ನೂ ಅಂಟಿಸಲಿಲ್ಲ. ಕೈಗೆ ಅಂಟು ಆಗಿಬರುವುದಿಲ್ಲ ಎಂದು ಸುಳ್ಳು ಹೇಳಿದೆ.

ದೆವ್ವವೆಂದು ಹೇಳೋಣವೆಂದರೆ, ನಾನು ಬದುಕಿದ್ದೇನೆ. ಬೇರೆ ಯಾರೋ ಎನ್ನೋಣವೆಂದರೆ, ಬಾಟಲಿ ಅದಲುಬದಲಾದದ್ದು ಆ ಹೊತ್ತಿಗೆ ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನನಗೆ ಒಂದೇ ತಿಳಿಯುತ್ತದೆ: ನಾನು ಏಳಬೇಕಾಗಿದ್ದ ಹೊತ್ತಿಗೆ ಅವಳು ಎದ್ದಳು, ನಾನು ಹೇಗೆ ಹೋಗಬೇಕಾಗಿತ್ತೋ ಹಾಗೆ ಹೋದಳು. ನಾನು ತಲುಪಿದ ಹೊತ್ತಿಗೆ ಅವಳು ಬಂದಿದ್ದರೆ ನೀಲವ್ವ ಇರುತ್ತಿರಲಿಲ್ಲ.

ತೊಟ್ಟಿಲಿನ ಮರುದಿನ, ನೆಂಟರೆಲ್ಲ ಹೋದ ಮೇಲೆ, ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಡಾಕ್ಟರರಂತೆಯೇ ಕೇಳಿದರು. ಬಸ್ಸಿನ ಹೊತ್ತು ಯಾವುದು, ಬಿಸಿಲು ಎಷ್ಟಿತ್ತು, ಮುಂಜಾನೆ ಏನಾದರೂ ತಿಂದಿದ್ದೆಯೋ, ಎಚ್ಚರ ತಪ್ಪಿದ ನೆನಪು ಇದೆಯೋ, ಎಲ್ಲ. ನಾನು ಉತ್ತರ ಕೊಟ್ಟೆ. ನಗುತ್ತಾರೆ, ಇಲ್ಲವೇ ಇಷ್ಟು ವರ್ಷ ಮುಚ್ಚಿಟ್ಟೆ ಎಂದು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಹಿಂದ ಒಮ್ಮೆ ಹಾನಗಲ್ ಕಡೆ ಒಂದ ಹಳ್ಳಿಯಿಂದ ಹೆರಿಗಿ ಕೇಸಿಗೆ ಕರ್ಯಾಕ ಬಂದಿದ್ರು," ಎಂದರು. "ನಿನಗ ಗೊತ್ತಿಲ್ಲ ಅದು. ಮಳಿ ಐತಿ, ನಸುಕಿನ್ಯಾಗ ಬರ್ತೇನಿ ಅಂತ ಹೇಳಿ ಕಳಸಿದೆ. ಹೋದೆ. ಹೋಗೂದ್ರಾಗ ತಾಯಿನೂ ಇಲ್ಲ, ಕೂಸೂ ಇಲ್ಲ."

ಕನ್ನಡಕದ ಕಡ್ಡಿ ಮಡಚುತ್ತಾ ಮತ್ತೆ ಅಂದರು, "ಅಲ್ಲಿ ನನಗಿಂತ ಮೊದಲ ಯಾರೂ ಬಂದಿದ್ದಿಲ್ಲ."

ಜೀವಮಾನವೆಲ್ಲ ಮಂದಿಯ ಬಾಗಿಲಿಗೆ ಓಡಿದ ಮನುಷ್ಯ ಅವರು, ನಾನು ಬಲ್ಲೆ. ನನ್ನಂಥವಳಿಗಾಗಿ ಎದ್ದು ಹೋದವಳು ಅವರಿಗಾಗಿ ಯಾಕೆ ಏಳಲಿಲ್ಲ ಎಂದು ಅವರು ನನ್ನನ್ನು ಕೇಳಲಿಲ್ಲ. ಅವರ ಪಕ್ಕದಲ್ಲಿ ಹೋಗಿ ಕುಳಿತೆ.